ಸುತ್ತು ಹಾಕಿದ ತಪ್ಪುಗಳು

ಎರಡೂ ಕಣ್ಣು ಕಾಣದ, ಜೀವಮಾನದಲ್ಲಿ ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ, ಎಂಬತ್ತಕ್ಕೆ ಎರಡೇ ಕಮ್ಮಿ ವಯಸ್ಸಿನ ಅತ್ತೆ ಮೂರನೇ ತರಗತಿಯ ಲೆಕ್ಕದ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೆಂಟು ತೆಗೆದರೆ ಸೊಸೆಯಾದವಳು ಏನು ಮಾಡಬೇಕು, ಹೇಳಿ? ಹೊಟ್ಟೆ ಹುಣ್ಣಾಗುವಂತೆ ನಗಬೇಕು. ಅಕ್ಕಪಕ್ಕದವರನ್ನು ಕರೆದು ಹೇಳಬೇಕು. ಗಡಿಯಾರದಮ್ಮ ಅದ್ಯಾವುದನ್ನೂ ಮಾಡಲಿಲ್ಲ. ಭಾನುವಾರದ ಮಧ್ಯಾಹ್ನ, ಅಡುಗೆಮನೆಯ ಮೇಜಿನ ಮುಂದೆ, ಕೈಯಲ್ಲಿದ್ದ ಪೆನ್ಸಿಲನ್ನು ಹಾವು ಕಂಡವಳಂತೆ ನೋಡುತ್ತ ಕೂತುಬಿಟ್ಟಳು. "ಹತ್ತೊಂಬತ್ತು ವರ್ಷ," ಎಂದಳು, ಯಾರಿಗೂ ಅಲ್ಲ.

ಗಡಿಯಾರದಮ್ಮ ಎಂಬ ಹೆಸರು ಇಟ್ಟವರು ಶಾಲೆಯ ಮಕ್ಕಳು. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟಾಪ್‌ವಾಚು, ಹೆಗಲಿಗೆ ಬಟ್ಟೆಯ ಚೀಲ, ಕಂಕುಳಲ್ಲಿ ಮರದ ಪ್ಯಾಡು. ಹೀಗೆ ಅವಳು ಗೇಟಿನಲ್ಲಿ ಕಾಣಿಸಿಕೊಂಡರೆ ಸಾಕು, "ಗಡಿಯಾರದಮ್ಮ ಬಂದ್ರು!" ಎಂಬ ಸುದ್ದಿ ಅವಳಿಗಿಂತ ಮುಂಚೆ ಮೂರನೇ ತರಗತಿ ತಲುಪುತ್ತಿತ್ತು. ಅವಳು ಟೀಚರಲ್ಲ. ಓದಿನಲ್ಲಿ, ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಮೇಲೆತ್ತಲು ಯಾವ ಉಪಾಯ ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಬರೀ ಬೊಗಳೆ ಎಂದು ಪತ್ತೆ ಹಚ್ಚುವ ಸಂಶೋಧನಾ ಕಚೇರಿಯೊಂದರ ಪರೀಕ್ಷಕಿ. ಶಾಲೆಯಿಂದ ಶಾಲೆಗೆ ಹೋಗಿ ಒಂದೊಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು, ನಿಮಿಷಕ್ಕೆ ಎಷ್ಟು ಪದ ಸರಿ ಓದಿತು, ಇಪ್ಪತ್ತರಲ್ಲಿ ಎಷ್ಟು ಲೆಕ್ಕ ಸರಿ ಹೇಳಿತು ಎಂದು ಗುರುತು ಹಾಕಿಕೊಂಡು ಬರುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ.

ಕಳೆದ ಮೂರು ವರ್ಷದಿಂದ ಕಚೇರಿಯವರು ಪರೀಕ್ಷಿಸುತ್ತಿದ್ದ ಉಪಾಯಕ್ಕೆ ಉದ್ದನೆಯ ಹೆಸರೊಂದಿತ್ತು. ಮಕ್ಕಳು ಅದನ್ನು 'ಚಿಕ್ಕ ಕೋಣೆ' ಎನ್ನುತ್ತಿದ್ದರು. ಒಂದು ಪುಟ್ಟ ಕೋಣೆ, ಒಬ್ಬ ಟೀಚರ್, ನಾಲ್ಕೇ ಮಕ್ಕಳು. ದಿನಕ್ಕೆ ಅರ್ಧ ಗಂಟೆ ಓದು, ಅರ್ಧ ಗಂಟೆ ಲೆಕ್ಕ. ನಿಮಿಷಕ್ಕೆ ಮೂವತ್ತು ಪದ ಓದಲಾರದ ಮಗುವಿಗೆ ಅಲ್ಲಿ ಜಾಗ. ಮೂವತ್ತು ದಾಟಿದರೆ ಹೊರಗೆ, ಆ ಜಾಗಕ್ಕೆ ಇನ್ನೊಂದು ಮಗು. ದಾಟಿತೋ ಇಲ್ಲವೋ ಎಂದು ಹೇಳುವವಳು ಗಡಿಯಾರದಮ್ಮ. ಅವಳ ಹಾಳೆಯ ಮೇಲೆ ಬಿದ್ದದ್ದೇ ತೀರ್ಪು.

ಕೆಲಸದಲ್ಲಿ ಅವಳು ಕೂದಲು ಸೀಳುವವಳು. ಕಚೇರಿಯ ನಿಯಮ ಹೀಗಿತ್ತು: ಮಗು ತಪ್ಪು ಹೇಳಿದರೆ ಆ ಪದದ ಮೇಲೆ ಒಂದು ಗೀಟು. ಸರಿ ಹೇಳಿದರೆ ಏನೂ ಇಲ್ಲ. ತಪ್ಪಿದ ಮಗು ಮೂರು ಸೆಕೆಂಡಿನೊಳಗೆ ತಾನಾಗೇ ತಿದ್ದಿಕೊಂಡರೆ ಗೀಟಿನ ಸುತ್ತ ಒಂದು ಸುತ್ತು. ಅದು ಸರಿ ಎಂದೇ ಲೆಕ್ಕ. ಪರೀಕ್ಷೆಗೆ ಮುಂಚೆ ಪ್ರತಿ ಮಗುವಿಗೂ ಅವಳು ತಪ್ಪದೆ ಹೇಳುತ್ತಿದ್ದಳು: "ತಪ್ಪಾದ್ರೆ ಹೆದರ್ಬೇಡ ಕಂದಾ. ಬೇಗ ತಿದ್ಕೊಂಡ್ರೆ ಸರಿ ಅಂತಾನೇ ಲೆಕ್ಕ."

ಬೇರೆ ಪರೀಕ್ಷಕರೆಲ್ಲ ರಟ್ಟಿನ ಪ್ಯಾಡು ಹಿಡಿದು ಓಡಾಡುತ್ತಿದ್ದರು. ಇವಳ ಗಂಡ ಬಡಗಿ. ಹೆಂಡತಿಯ ಪ್ಯಾಡು ಮಳೆಗೆ ನೆನೆದು ಮೆತ್ತಗಾದದ್ದನ್ನು ನೋಡಲಾರದೆ, ಹನ್ನೊಂದು ವರ್ಷದ ಕೆಳಗೆ ತೆಳು ಹಲಗೆಯಿಂದ ಪೆಟ್ಟಿಗೆಯಂಥ ಪ್ಯಾಡು ಮಾಡಿಕೊಟ್ಟಿದ್ದ. ಮೇಲೆ ಬರೆಯುವುದು, ಒಳಗೆ ಹಾಳೆ ಇಡುವುದು. "ನನ್ನ ಕಾಲ ಆದ್ಮೇಲೂ ಇದಿರುತ್ತೆ ಕಣೇ," ಎಂದಿದ್ದ. ಅದನ್ನು ಅವಳು ಮಗುವಿನಂತೆ ಎದೆಗವಚಿಕೊಂಡು ಓಡಾಡಿದಳು.

ಹಾಳೆಗಳಲ್ಲಿ ಅವಳಿಗೆ ಹೆಮ್ಮೆಯ ವಿಷಯವೊಂದಿತ್ತು: ಸುತ್ತುಗಳು. ಬೇರೆಯವರ ಹಾಳೆಯಲ್ಲಿ ಒಂದೋ ಎರಡೋ ಸುತ್ತು ಇದ್ದರೆ ಇವಳ ಹಾಳೆಯಲ್ಲಿ ಏಳು, ಎಂಟು, ಹತ್ತು. ಕಚೇರಿಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಒಮ್ಮೆ ಎಲ್ಲರೆದುರು ಹೇಳಿದ್ದರು: "ಇವರ ಮುಂದೆ ಕೂತ ಮಕ್ಕಳಿಗೆ ಭಯ ಇರಲ್ಲ, ಅದಕ್ಕೇ ತಮ್ಮ ತಪ್ಪು ತಾವೇ ತಿದ್ಕೊಳ್ತಾರೆ. ಬೇರೆಯವರೂ ಕಲೀರಿ." ಆ ದಿನ ಅವಳು ಮನೆಗೆ ನೆಲದ ಮೇಲೆ ಕಾಲಿಡದೆ ಬಂದಿದ್ದಳು.

ಹೀಗಿರುವಾಗ, ಆ ಭಾನುವಾರಕ್ಕೆ ನಾಲ್ಕು ದಿನ ಮುಂಚೆ, ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಅಡ್ಡ ಬಂದು ನಿಂತಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವಳು. ಬಿಸಿನೀರಿಗೆ ಬೆಂದು ಕೈಯೆಲ್ಲ ಕೆಂಪು.

"ನೀವೇ ಅಲ್ವಾ ಗಡಿಯಾರದಮ್ಮ? ನಮ್ಮ ಗುಬ್ಬಿಯನ್ನ ಪಾಸು ಮಾಡಿದ್ದು ನೀವೇ ಅಲ್ವಾ?"

ಗುಬ್ಬಿ ನೆನಪಿತ್ತು. ಸಣ್ಣ ಕುತ್ತಿಗೆ, ತಲೆ ಒಂದು ಪಕ್ಕಕ್ಕೆ ವಾಲಿಸಿ ಕೂರುವ ಹುಡುಗಿ. ಮೂವತ್ತೆರಡು ಪದ ಓದಿ ಚಿಕ್ಕ ಕೋಣೆಯಿಂದ ಹೊರಗೆ ಬಂದು ಎರಡು ತಿಂಗಳಾಗಿತ್ತು.

"ಪಾಸು ಮಾಡೋಕೆ ನಾನ್ಯಾರಮ್ಮ? ಅವಳೇ ಓದಿದ್ಲು," ಎಂದಳು.

"ಓದಿದ್ಲಾ? ಹಾಗಾದ್ರೆ ಈಗ ಯಾಕೆ ಓದಲ್ಲ? ಪುಸ್ತಕ ತೆಗೆದ್ರೆ ಗೋಡೆ ನೋಡ್ತಾಳೆ. ಹೆಡ್ ಮೇಷ್ಟ್ರು ಅಂತಾರೆ, ಪರೀಕ್ಷೇಲಿ ಓದಿದ ಹುಡುಗಿ ಮನೇಲಿ ಓದಲ್ಲ ಅಂದ್ರೆ ಅದು ದಡ್ಡತನ ಅಲ್ಲ, ಸೋಮಾರಿತನ ಅಂತ. ನಾನೂ ನಂಬಿ ಎರಡು ಬಾರಿಸ್ದೆ."

ಆಗ ಗಡಿಯಾರದಮ್ಮ ಏನೆಂದಳು ಗೊತ್ತೇ? ಅಲ್ಲೇ ನಾಲಿಗೆ ಕಚ್ಚಿಕೊಂಡಿದ್ದರೆ ಚೆನ್ನಾಗಿತ್ತು. "ನನ್ನ ಹಾಳೆ ಸುಳ್ಳು ಹೇಳಲ್ಲಮ್ಮ. ಅವಳಿಗೆ ಓದೋಕೆ ಬರುತ್ತೆ. ಸ್ವಲ್ಪ ಬಿಗಿ ಮಾಡಿ," ಎಂದು ಬಸ್ಸು ಹತ್ತಿದಳು.

ಇನ್ನು ಆ ಭಾನುವಾರಕ್ಕೆ ಬರೋಣ. ಕಚೇರಿಯಿಂದ ಹೊಸ ಲೆಕ್ಕದ ಹಾಳೆ ಬಂದಿತ್ತು. ಹೊಸದು ಬಂದಾಗಲೆಲ್ಲ ಕೈ ಪಳಗಲಿ ಎಂದು ಮೇಲಿನ ಮನೆಯಲ್ಲಿರುವ ಮೈದುನನ ಮಗಳನ್ನು ಕೂರಿಸಿಕೊಳ್ಳುವುದು ಅವಳ ರೂಢಿ. ಹುಡುಗಿ ಎದುರಿಗೆ, ಮೇಜಿನ ಕೊನೆಯಲ್ಲಿ ಅತ್ತೆ, ಬೆರಳಲ್ಲೇ ತಡವಿ ಬಟಾಣಿ ಬಿಡಿಸುತ್ತ. ಐದು ವರ್ಷದಿಂದ ಅತ್ತೆಗೆ ಕಣ್ಣು ಪೂರ್ತಿ ಹೋಗಿತ್ತು. ಬಾಯಿ ಮಾತ್ರ ಹದಿನಾರರಂತೆ ಚುರುಕು.

"ಹದಿನೇಳರಲ್ಲಿ ಒಂಬತ್ತು ಹೋದ್ರೆ?"

"ಒಂಬತ್ತು," ಎಂದಿತು ಹುಡುಗಿ.

"ತಪ್ಪು ಕಣೇ, ಇನ್ನೊಂದು ಹೇಳು," ಎಂದರು ಅತ್ತೆ, ಬಟಾಣಿಯಿಂದ ತಲೆ ಎತ್ತದೆ.

"ಎಂಟು."

"ಹಾಂ, ಈಗ ಸರಿಹೋಯ್ತು."

ಗಡಿಯಾರದಮ್ಮ ನಕ್ಕಳು. ಅಂದಾಜಿಗೆ ಹೇಳಿದ್ದಾರೆ ಎಂದುಕೊಂಡಳು. ಮುಂದಿನ ಲೆಕ್ಕಕ್ಕೂ ಅತ್ತೆ ಹಾಗೇ ಹೇಳಿದರು. ಅದರ ಮುಂದಿನದಕ್ಕೂ. ನಾಲ್ಕನೆಯ ಸಲ ಅವಳ ನಗು ನಿಂತಿತು.

"ಅತ್ತೆ, ನಿಮಗೆ ಯಾವಾಗಿಂದ ಲೆಕ್ಕ ಬಂತು? ಮೊನ್ನೆ ಇವಳ ವಯಸ್ಸು ಕೇಳಿದ್ದಕ್ಕೆ ಐದೋ ಹದಿನೈದೋ ಅಂದ್ರಿ!"

"ಲೆಕ್ಕ ಯಾರಿಗೆ ಬೇಕೇ? ನಿನ್ನ ಪೆನ್ಸಿಲ್ಲೇ ಬಡ್ಕೊಳ್ತಾ ಇದೆಯಲ್ಲ. ಕರ್ರ್ ಅಂತ ಗೀಚಿದ್ರೆ ತಪ್ಪು. ಸೊರ್ರ್ ಅಂತ ಸುತ್ತಿದ್ರೆ ಸರಿ. ಇದನ್ನ ತಿಳ್ಕೊಳ್ಳೋಕೆ ಇಸ್ಕೂಲಿಗೆ ಹೋಗ್ಬೇಕಾ?"

ಅವಳು ಪೆನ್ಸಿಲ್ ಕೆಳಗಿಟ್ಟಳು. ಹುಡುಗಿಯನ್ನು ನೋಡಿದಳು. ಹುಡುಗಿ, ಇದರಲ್ಲೇನಿದೆ ಎಂಬಂತೆ, "ಹೌದು ದೊಡ್ಡಮ್ಮ, ಡಬ್ಬಿ ಥರ ಸದ್ದು ಬರುತ್ತಲ್ಲ," ಎಂದಿತು.

ಇಲ್ಲ, ಹಾಗಿರಲಾರದು. ಹುಡುಗಿಯನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಅತ್ತೆಯನ್ನೇ ಕೂರಿಸಿದಳು. ಇಪ್ಪತ್ತು ಲೆಕ್ಕ ಕೇಳಿದಳು. ಅತ್ತೆ ಅಂದಾಜಿಗೆ ಹತ್ತಿರದ ಅಂಕಿಯೊಂದನ್ನು ಹೇಳುವುದು, ಕಿವಿ ನಿಮಿರಿಸುವುದು, ಕರ್ರ್ ಎಂದರೆ ಥಟ್ಟನೆ ಒಂದು ಮೇಲೋ ಕೆಳಗೋ ಹಾರುವುದು. ಎರಡು ಲೆಕ್ಕಕ್ಕೆ ಮಾತ್ರ ಹಾರಿದ ಕಡೆ ಉತ್ತರ ಸಿಗಲಿಲ್ಲ. ಇಪ್ಪತ್ತಕ್ಕೆ ಹದಿನೆಂಟು, ಹನ್ನೆರಡು ಸುತ್ತು. ಆಮೇಲೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಳೆಯ ಕೆಳಗೆ ಹಾಸಿ, ಇನ್ನೊಂದು ಇಪ್ಪತ್ತು ಕೇಳಿದಳು. ಆರು ಸರಿ.

"ಸಾಕು ಬಿಡೇ ತಾಯಿ," ಎಂದರು ಅತ್ತೆ. "ಮೊದಲನೇದರಲ್ಲಿ ಪಾಸಾಗಿದ್ದೆ ತಾನೇ? ಯಾವ ಕ್ಲಾಸಿಗೆ ಹಾಕ್ತೀಯಾ ನನ್ನ?"

ಸೊಸೆಯ ಕಣ್ಣ ಮುಂದೆ ಗುಬ್ಬಿ ತಲೆ ವಾಲಿಸಿ ಕೂತಿದ್ದಳು. ಕಲಿಯುವ ಗಮನ ಎಂದುಕೊಂಡಿದ್ದಳಲ್ಲ ಅದನ್ನು! ಹುಡುಗಿ ಪದ ನೋಡುತ್ತಿರಲಿಲ್ಲ, ಪ್ಯಾಡಿಗೆ ಕಿವಿ ಕೊಡುತ್ತಿದ್ದಳು. ಮೊದಲಕ್ಷರ ನೋಡಿ ಒಂದು ಪದ ಊಹಿಸುವುದು, ಗೀಟು ಬಿದ್ದರೆ ಇನ್ನೊಂದು ಊಹಿಸುವುದು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ಹನ್ನೊಂದು ವರ್ಷ ಮರದ ಮೇಲೆ; ಅದಕ್ಕೆ ಮುಂಚೆ ರಟ್ಟಿನ ಮೇಲೆ ಎಷ್ಟು ಕೇಳಿಸಿತ್ತೋ ಯಾರು ಬಲ್ಲರು. ಗಂಡ ಅಂಗಡಿಯಿಂದ ಬಂದು ವಿಷಯ ಕೇಳಿ ಪ್ಯಾಡನ್ನು ಕೈಯಲ್ಲಿ ಹಿಡಿದು ಒಮ್ಮೆ ಬೆರಳಿಂದ ಬಡಿದು ನೋಡಿದ. ಅವನ ಮುಖ ಸಪ್ಪಗಾಯಿತು.

"ನಾನು ಮಾಡಿದ್ದು ಒಳ್ಳೇದಕ್ಕೇ ಕಣೇ," ಎಂದ.

"ನಾನೂ ಒಳ್ಳೇದಕ್ಕೇ ಗೀಚಿದ್ದು ರೀ," ಎಂದಳು ಅವಳು.

ಸೋಮವಾರ ಬಾಗಿಲು ತೆಗೆಯುವ ಮುಂಚೆಯೇ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಭಾನುವಾರದ ಕತೆ ಕೇಳಿ ದೊಡ್ಡ ಮೇಡಂ ಮೊದಲು ನಕ್ಕರು. ನಿಮ್ಮ ಹಾಳೆಯಷ್ಟು ಅಚ್ಚುಕಟ್ಟು ಯಾರದಿದೆ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ ಎಂದರು. ಅವಳು ಗುಬ್ಬಿಯ ಹಾಳೆ ತರಿಸಿ ಮೇಜಿನ ಮೇಲೆ ಇಟ್ಟಳು. ಮೂವತ್ತೆರಡು ಪದ, ಅದರಲ್ಲಿ ಒಂಬತ್ತು ಸುತ್ತು. ಸುತ್ತು ಕಳೆದರೆ ಇಪ್ಪತ್ತಮೂರು. ಹುಡುಗಿ ಮೂವತ್ತರ ಗೆರೆಯ ಹತ್ತಿರವೂ ಬಂದಿರಲಿಲ್ಲ. ಮೇಡಂ ಕನ್ನಡಕ ಹಾಕಿಕೊಂಡು ಇನ್ನೊಂದು ಹಾಳೆ ಎಳೆದುಕೊಂಡರು, ಮತ್ತೊಂದು, ಮತ್ತೂ ಒಂದು. ಎಲ್ಲದರಲ್ಲೂ ಸುತ್ತುಗಳೇ ಸುತ್ತುಗಳು.

"ಅಯ್ಯೋ ದೇವರೇ," ಎಂದರು. "ವರದಿ ಶುಕ್ರವಾರ ಅಚ್ಚಿಗೆ ಹೋಗುತ್ತೆ. ಚಿಕ್ಕ ಕೋಣೆ ಇಪ್ಪತ್ತು ವಾರ ಬೇಡ, ಹನ್ನೆರಡು ವಾರ ಸಾಕು ಅಂತ ಬರೆದಿದ್ದೀನಿ. ನಿಮ್ಮ ಶಾಲೆಗಳ ಮಕ್ಕಳು ಅಷ್ಟು ಬೇಗ ದಾಟಿದ್ರು ಅಂತಾನೇ ಬರೆದಿದ್ದು. ಎಲ್ಲಾ ಕಡೆ ಎಂಟು ವಾರ ಕತ್ತರಿಸಿಬಿಡ್ತಾರೆ."

ಗಡಿಯಾರದಮ್ಮನಿಗೆ ವರದಿ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಒಂದೇ. "ಮೇಡಂ, ಆ ಹುಡುಗಿ ನನ್ನಿಂದ ಏಟು ತಿಂದಿದ್ದಾಳೆ. ಅವಳನ್ನ ಚಿಕ್ಕ ಕೋಣೆಗೆ ವಾಪಸ್ಸು ಸೇರಿಸಿ. ಮಿಕ್ಕಿದ್ದು ಆಮೇಲೆ ನೋಡೋಣ."

"ಹಾಗೆ ಒಬ್ಬಳನ್ನೇ ಸೇರಿಸೋಕೆ ಬರಲ್ಲ. ಹಾಳೆ ಸರಿ ಇಲ್ಲ ಅಂತ ಬರೀಬೇಕು, ಯಾಕೆ ಸರಿ ಇಲ್ಲ ಅಂತಾನೂ ಬರೀಬೇಕು. ಬರೆದ್ರೆ ನಿಮ್ಮ ಎಲ್ಲಾ ಹಾಳೇನೂ ಅದೇ ಕಾರಣಕ್ಕೆ ಹೋಯ್ತು. ಅದರ ಹಿಂದೆ ನಿಮ್ಮ ಕೆಲಸಾನೂ." ಮೇಡಂ ಮಾತು ನಿಲ್ಲಿಸಿ ಅವಳ ಮುಖ ನೋಡಿದರು. "ಮೊದಲು ನಾಳೆ ನನ್ನೆದುರಿಗೆ ಇನ್ನೊಂದು ಸಲ ಓದಿಸಿ. ನಿಮ್ಮ ಅತ್ತೆಯವರ ಮಾತಿನ ಮೇಲೆ ನಾನು ಹತ್ತೊಂಬತ್ತು ವರ್ಷ ಹೊಡೆದುಹಾಕಲಾರೆ."

ಮೇಡಂ ಕೆಟ್ಟವರಲ್ಲ. ಆ ಒಂದು ದಿನದ ಅವಕಾಶದಲ್ಲಿ ಇಬ್ಬರೂ ಒಂದೇ ಆಸೆ ಇಟ್ಟುಕೊಂಡಿದ್ದರು: ಹುಡುಗಿ ಓದಿಬಿಡಲಿ, ಇದೆಲ್ಲ ಒಂದು ಕೆಟ್ಟ ಭಾನುವಾರ ಎಂದಾಗಿಬಿಡಲಿ.

ಮಂಗಳವಾರ ಶಾಲೆಯಲ್ಲಿ ಭೂಪಟಗಳನ್ನು ಸುತ್ತಿಡುವ ಕೋಣೆ ಬಿಡಿಸಿಕೊಟ್ಟರು. ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಗುಬ್ಬಿ ಬಂದು ಎದುರಿಗೆ ಕೂತು, ಎಂದಿನಂತೆ ತಲೆ ಪಕ್ಕಕ್ಕೆ ವಾಲಿಸಿದಳು. ಹಾಳೆಯ ಕೆಳಗೆ ನಾಲ್ಕು ಮಡಿಕೆಯ ಟವೆಲ್ ಇತ್ತು.

"ತಪ್ಪಾದ್ರೆ ಹೆದರ್ಬೇಡ ಕಂದಾ," ಎಂದು ಶುರು ಮಾಡಿದ ಗಡಿಯಾರದಮ್ಮ ಅಷ್ಟಕ್ಕೇ ನಿಲ್ಲಿಸಿದಳು. ಉಳಿದದ್ದನ್ನು ಹುಡುಗಿಯೇ ಪೂರ್ತಿ ಮಾಡಿದಳು: "ಬೇಗ ತಿದ್ಕೊಂಡ್ರೆ ಸರಿ ಅಂತಾನೇ ಲೆಕ್ಕ."

ಗಡಿಯಾರ ಒತ್ತಿದಳು. ಗುಬ್ಬಿ ಓದತೊಡಗಿದಳು. ಮೊದಲ ನಾಲ್ಕು ಪದ ಸರಿ. ಐದನೆಯದು 'ಮರದ' ಎಂದಿತ್ತು. "ಮನೆಯ" ಎಂದಳು ಹುಡುಗಿ. ಗೀಟು ಬಿತ್ತು, ಸದ್ದಿಲ್ಲದೆ. ಹುಡುಗಿ ಮುಂದೆ ಹೋದಳು. ಮತ್ತೊಂದು ತಪ್ಪು, ಮತ್ತೊಂದು. ಈಗ ಅವಳು ಒಂದೊಂದು ಪದಕ್ಕೂ ನಿಂತು ಕಾಯುತ್ತಿದ್ದಳು. ಕಣ್ಣು ಹಾಳೆ ಬಿಟ್ಟು ಪ್ಯಾಡಿನ ಮೇಲೆ ನೆಟ್ಟಿತ್ತು. ಕುತ್ತಿಗೆ ಇನ್ನೂ ವಾಲಿತು, ಕಿವಿ ಮೇಜಿಗೆ ತಾಗುವಷ್ಟು. ಹಿಂದೆ ಮೇಡಂ ಬಾಯಿಗೆ ಕೈ ಒತ್ತಿಕೊಂಡದ್ದು ಗಡಿಯಾರದಮ್ಮನಿಗೆ ಕಂಡಿತು. ನಿಮಿಷ ಮುಗಿಯಿತು. ಹನ್ನೊಂದು ಪದ.

ಇಪ್ಪತ್ತಮೂರೂ ಅಲ್ಲ, ಹನ್ನೊಂದು! ಸದ್ದಿಗೆ ಕಾದು ಕಾದು ಹುಡುಗಿ ಬರುವ ಪದಗಳನ್ನೂ ಕಳೆದುಕೊಂಡಿದ್ದಳು.

"ಗಡಿಯಾರದಮ್ಮ, ಇವತ್ತು ಪೆನ್ಸಿಲ್ ಯಾಕೆ ಸುಮ್ಮನಿದೆ?" ಎಂದು ಗುಬ್ಬಿ ಅಳು ಮುಖ ಮಾಡಿದಳು. "ಅದು ಹೇಳಿದ್ರೆ ನಾನು ತಿದ್ಕೊಳ್ತಿದ್ದೆ. ಮನೇಲೂ ಹಾಗೇ ಆಗುತ್ತೆ. ಅಮ್ಮ ಓದು ಅಂತಾಳೆ, ಯಾವುದು ತಪ್ಪು ಅಂತ ಯಾರೂ ಹೇಳಲ್ಲ."

"ಪೆನ್ಸಿಲ್ ಹೇಳುತ್ತೆ ಅಂತ ನಿನಗೆ ಯಾರು ಕಂದಾ ಹೇಳಿದ್ದು?"

"ಎಲ್ಲರಿಗೂ ಗೊತ್ತು. ನಾಲ್ಕನೇ ಕ್ಲಾಸಿನ ಅಕ್ಕಂದಿರು ಹೇಳಿಕೊಟ್ರು. ಅವರಿಗೆ ಅವರ ಅಕ್ಕಂದಿರು." ಹುಡುಗಿ ಇಬ್ಬರ ಮುಖವನ್ನೂ ನೋಡಿ ಗಾಬರಿಯಾದಳು. "ಅದು ಪರೀಕ್ಷೆಯ ರೂಲು ಅಲ್ವಾ? ನೀವೇ ಸಹಾಯಕ್ಕೆ ಮಾಡೋದು ಅಲ್ವಾ?"

ಮಕ್ಕಳು ಕದ್ದಿದ್ದರೆ ಬೈದು ಹಗುರಾಗಬಹುದಿತ್ತು. ಅವರು ಕದ್ದಿರಲಿಲ್ಲ. ತಿದ್ದಿಕೋ ಎಂದು ಎದುರಿಗೆ ಕೂತವಳನ್ನು ನಂಬಿದ್ದರು, ಅಷ್ಟೇ. ಗಡಿಯಾರದಮ್ಮ ಎದ್ದು ಹೋಗಿ ಕಿಟಕಿಯ ಬಳಿ ನಿಂತಳು. ಹೊರಗೆ ಅಂಗಳದಲ್ಲಿ ನಲವತ್ತೈವತ್ತು ಮಕ್ಕಳು ಓಡಾಡುತ್ತಿದ್ದರು. ಇವರಲ್ಲಿ ಯಾರನ್ನೆಲ್ಲ ತಾನು ಚಿಕ್ಕ ಕೋಣೆಯಿಂದ ಹೊರಗೆ ಹಾಕಿದೆ? ಇವರಿಗಿಂತ ಮುಂಚಿನವರು ಈಗ ಎಲ್ಲಿದ್ದಾರೆ? ಮೂರು ವರ್ಷಕ್ಕಿಂತ ಹಳೆಯ ಹಾಳೆಗಳನ್ನು ಕಚೇರಿಯಲ್ಲಿ ಇಡುತ್ತಿರಲಿಲ್ಲ. ಓದಲು ಬರುತ್ತದೆ ಎಂದು ತನ್ನ ಕೈಬರಹದಲ್ಲಿ ಬರೆಸಿಕೊಂಡು, ಓದಲು ಬಾರದೆ, ಸೋಮಾರಿ ಎನಿಸಿಕೊಂಡು ಬೆಳೆದುಬಿಟ್ಟವರ ಹೆಸರೂ ಅವಳ ಬಳಿ ಇರಲಿಲ್ಲ.

ಮೇಡಂ ಹತ್ತಿರ ಬಂದರು. "ವರದಿಗೆ ಇನ್ನೂ ಮೂರು ದಿನ ಇದೆ," ಎಂದರು ಮೆಲ್ಲಗೆ. "ಮನೆಗೆ ಹೋಗಿ ಯೋಚನೆ ಮಾಡಿ ಬರೀರಿ. ಬರೆದ್ಮೇಲೆ ನಾನೂ ಏನೂ ಮಾಡೋಕಾಗಲ್ಲ."

"ಮನೆಗೆ ಹೋದ್ರೆ ಬರೆಯೋಕೆ ಧೈರ್ಯ ಬರಲ್ಲ ಮೇಡಂ. ಒಂದು ಬಿಳಿ ಹಾಳೆ ಕೊಡಿ."

"ಗುಬ್ಬಿ, ನೀನು ಹೋಗಮ್ಮ," ಎಂದರು ಮೇಡಂ. ಹುಡುಗಿ ಬಾಗಿಲವರೆಗೆ ಹೋಗಿ ತಿರುಗಿದಳು.

"ನಾನು ಫೇಲಾದ್ನಾ?"

"ಹೂಂ ಕಂದಾ. ಫೇಲು."

"ಹಾಗಾದ್ರೆ ಮತ್ತೆ ಚಿಕ್ಕ ಕೋಣೆಗೆ ಹೋಗ್ಬಹುದಾ?" ಎಂದ ಆ ಮುಖ ಹೇಗೆ ಅರಳಿತು ಅನ್ನುತ್ತೀರಿ! "ಅಲ್ಲಿ ಟೀಚರ್ ಪಕ್ಕದಲ್ಲೇ ಕೂತು ಬೆರಳು ಇಟ್ಟು ತೋರಿಸ್ತಾರೆ. ನಾನೇನು ತಪ್ಪು ಮಾಡ್ದೆ ಅಂತ ಹೊರಗೆ ಕಳಿಸಿದ್ರಿ ಅಂತ ಗೊತ್ತೇ ಆಗ್ಲಿಲ್ಲ."

ಹೋಗಬಹುದು ಎಂದರು ಮೇಡಂ. ಗಡಿಯಾರದಮ್ಮ ಬೆಂಚಿನ ಮೇಲೆ ಕೂತಳು. ಟವೆಲ್ ಎಳೆದು ಚೀಲಕ್ಕೆ ತುರುಕಿದಳು. ಬರೀ ಹಲಗೆಯ ಮೇಲೆ ಬಿಳಿ ಹಾಳೆ ಇಟ್ಟು ಬರೆಯತೊಡಗಿದಳು. ನನ್ನ ಪ್ಯಾಡಿನ ಸದ್ದೇ ತಪ್ಪುಗಳನ್ನು ಹೇಳಿಕೊಡುತ್ತಿದ್ದುದರಿಂದ, ನಾನು ಪರೀಕ್ಷೆ ಮಾಡಿದ ಮಕ್ಕಳ ಅಂಕಗಳು ನಂಬಲು ಯೋಗ್ಯವಲ್ಲ ಎಂದು ಬರೆದಳು. ಮಕ್ಕಳದು ಯಾವ ತಪ್ಪೂ ಇಲ್ಲ ಎಂದು ಬರೆದು ಕೆಳಗೆ ಗೆರೆ ಎಳೆದಳು. ಮೂರು ವರ್ಷದ ನನ್ನ ಎಲ್ಲಾ ಹಾಳೆಗಳನ್ನು ತೆಗೆದುಹಾಕಿ, ಆ ಮಕ್ಕಳೆಲ್ಲರನ್ನೂ ಬೇರೆಯವರಿಂದ ಮತ್ತೆ ಪರೀಕ್ಷಿಸಬೇಕು, ಮೊದಲು ಈ ಹುಡುಗಿಯನ್ನು ಒಳಗೆ ಸೇರಿಸಬೇಕು ಎಂದು ಬರೆದಳು. ಹಲಗೆ ಟೊಳ್ಳು ದನಿಯಲ್ಲಿ ಕರ್ರ್ ಕರ್ರ್ ಎನ್ನುತ್ತಲೇ ಇತ್ತು. ಇಷ್ಟು ಜೋರಾದ ಸದ್ದು ಇಷ್ಟು ವರ್ಷ ತನ್ನ ಕಿವಿಗೆ ಹೇಗೆ ಬೀಳಲಿಲ್ಲ ಎಂದು ಅವಳಿಗೆ ದಿಗಿಲಾಯಿತು.

ಗುಬ್ಬಿ ಹೋಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ತಲೆ ವಾಲಿಸಿ, ಕಣ್ಣರಳಿಸಿ ಕೇಳಿಸಿಕೊಳ್ಳುತ್ತಿದ್ದಳು.

"ಅಯ್ಯಯ್ಯೋ, ಅಷ್ಟೊಂದು ತಪ್ಪಾ!" ಎಂದಳು. "ಯಾರದು ಗಡಿಯಾರದಮ್ಮ?"

"ನಂದು ಕಂದಾ."

ಹುಡುಗಿಗೆ ನಂಬಿಕೆ ಬರಲಿಲ್ಲ. ಹತ್ತಿರ ಬಂದು ತುಂಬಿದ ಹಾಳೆಯನ್ನೂ, ಬರೆಯುತ್ತಿರುವವಳ ಮುಖವನ್ನೂ ನೋಡಿದಳು. ಆಮೇಲೆ ಅವಳ ತೋಳಿನ ಮೇಲೆ ಕೈಯಿಟ್ಟು, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ ಹೇಳಿದಳು.

"ಹೆದರ್ಬೇಡಿ. ಬೇಗ ತಿದ್ಕೊಂಡ್ರೆ ಸರಿ ಅಂತಾನೇ ಲೆಕ್ಕ."

ಗಡಿಯಾರದಮ್ಮ ಕೊರಳಲ್ಲಿದ್ದ ಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಹಾಳೆಯ ಕೊನೆಯಲ್ಲಿ ಸಹಿ ಹಾಕಿದಳು.